ಜಿಮ್ ರೀವ್ಸ್ ಅಭಿಮಾನಿ ಅಪ್ಪನಿಗೆ ನ್ಯಾಶ್‌ವಿಲ್‌ನಲ್ಲಿ ಎಲ್ಲಿ ಕುರ್ಚಿ?

ಪ್ರಶ್ನೆ: ನಾನು ಅಟ್ಲಾಂಟಾ ಹತ್ತಿರದ ಆಲ್ಫರೆಟ್ಟಾದಲ್ಲಿದ್ದೇನೆ. ಅಪ್ಪನಿಗೆ 71 ವರ್ಷ. ಕೆಜಿಎಫ್ ಚಿನ್ನದ ಗಣಿಯ ವರ್ಕ್‌ಶಾಪಿನಲ್ಲಿ ಫಿಟ್ಟರ್ ಆಗಿದ್ದವರು. ಅಲ್ಲಿನ ಆಂಗ್ಲೋ ಇಂಡಿಯನ್ ಗೆಳೆಯರ ಸಹವಾಸದಲ್ಲಿ ಹಿಡಿದ, ಅಮೆರಿಕದ ಕಂಟ್ರಿ ಗಾಯಕ ಜಿಮ್ ರೀವ್ಸ್ ಹುಚ್ಚು ಇನ್ನೂ ಬಿಟ್ಟಿಲ್ಲ. ಅಮ್ಮ ತೀರಿಕೊಂಡ ಮೇಲೆ ಮೊದಲ ಸಲ ಇಲ್ಲಿಗೆ ಬರುತ್ತಿದ್ದಾರೆ. ಜೂನ್ ತಿಂಗಳಲ್ಲಿ ನ್ಯಾಶ್‌ವಿಲ್‌ನ ಸಿಎಂಎ ಫೆಸ್ಟ್ ಎಂಬ ಕಂಟ್ರಿ ಸಂಗೀತದ ಹಬ್ಬಕ್ಕೆ ನಾಲ್ಕು ದಿನದ ಪಾಸ್ ತೆಗೆದು, ಹೇಳದೆ ಕೇಳದೆ ಕರೆದುಕೊಂಡು ಹೋಗಿ ಖುಷಿಪಡಿಸಬೇಕೆಂದಿದ್ದೇನೆ. ಸಕ್ಕರೆ ಕಾಯಿಲೆಗೆ ಇನ್ಸುಲಿನ್ ತೆಗೆದುಕೊಳ್ಳುತ್ತಾರೆ, ಮೊಣಕಾಲು ನೋವಿದೆ, ಎಡಗಿವಿಗೆ ಶ್ರವಣ ಸಾಧನವಿದೆ. ಅಂಥ ಜನಜಂಗುಳಿಗೆ ಇವರನ್ನು ಕರೆದೊಯ್ಯಬಹುದೆ? ಏನೇನು ಸಿದ್ಧತೆ ಬೇಕು? ಇನ್ನೊಂದು ಸಂಕೋಚದ ಪ್ರಶ್ನೆ: ಅಲ್ಲಿ ಎಲ್ಲರ ಕೈಯಲ್ಲೂ ಬಿಯರ್ ಇರುತ್ತದಂತೆ. ಅಪ್ಪನ ಎದುರು ನಾನು ಮತ್ತು ನನ್ನ ಗಂಡ ಹೇಗಿರಬೇಕು?

ಉತ್ತರ: ಖಂಡಿತ ಕರೆದುಕೊಂಡು ಹೋಗಿ. ಆದರೆ ನಾಲ್ಕು ದಿನದ ಪಾಸ್ ಬೇಡ. ಮೊಣಕಾಲಾಗಲಿ ಸಕ್ಕರೆಯಾಗಲಿ ಅದಕ್ಕೆ ಕಾರಣವಲ್ಲ, ಅವಕ್ಕೆಲ್ಲ ದಾರಿ ಇದೆ. ನೀವು ಕೇಳದೆ ಬಿಟ್ಟ ಪ್ರಶ್ನೆಯೊಂದಿದೆ. ರಾತ್ರಿ ಆ ಸ್ಟೇಡಿಯಮ್ಮಿನಲ್ಲಿ ಮೊಳಗುವುದು ನಿಮ್ಮ ಅಪ್ಪನ ಸಂಗೀತವೇ?

ಅಲ್ಲ. ಜಿಮ್ ರೀವ್ಸ್ ತೀರಿಕೊಂಡದ್ದು 1964ರ ಜುಲೈ 31ರಂದು. ತಾವೇ ನಡೆಸುತ್ತಿದ್ದ ಸಣ್ಣ ವಿಮಾನ ನ್ಯಾಶ್‌ವಿಲ್ ಹತ್ತಿರ ಗುಡುಗು ಮಳೆಗೆ ಸಿಕ್ಕಿ ಉರುಳಿತು. ಆತ ಮೊದಲು ರೇಡಿಯೊ ನಿರೂಪಕ. ಮೈಕಿಗೆ ತುಟಿ ತಾಗುವಷ್ಟು ಹತ್ತಿರ ನಿಂತು, ಕಿವಿಯಲ್ಲಿ ಗುಟ್ಟು ಹೇಳುವವನಂತೆ ಹಾಡುವುದನ್ನು 1957ರ ಸುಮಾರಿಗೆ ರೂಢಿಸಿಕೊಂಡ. ಹಿಂದೆ ನಾಲ್ಕಾರು ಪಿಟೀಲು, ಮೆಲುವಾದ ಪಿಯಾನೊ, ಅಷ್ಟೇ. ಇಂದು ಸ್ಟೇಡಿಯಮ್ಮಿನಲ್ಲಿ ಹಾಡುವ ಕಂಟ್ರಿ ಕಲಾವಿದರ ಹಿಂದೆ ರಾಕ್ ಸಂಗೀತದ ಡ್ರಮ್ಸ್, ಮೂರು ಎಲೆಕ್ಟ್ರಿಕ್ ಗಿಟಾರ್, ಆಕಾಶಕ್ಕೆ ಚಿಮ್ಮುವ ಬೆಂಕಿ ಇರುತ್ತದೆ. ಅದು ಕೆಟ್ಟದ್ದೆಂದು ನಾನು ಹೇಳುತ್ತಿಲ್ಲ, ನನಗೆ ಅದೂ ಇಷ್ಟ. ಆದರೆ ಕಾಳಿಂಗರಾಯರ ಭಾವಗೀತೆ ಕೇಳಿ ಬೆಳೆದವರನ್ನು ಅರಮನೆ ಮೈದಾನದ ಇಂದಿನ ಸಿನಿಮಾ ಸಂಜೆಯಲ್ಲಿ ಸತತ ನಾಲ್ಕು ರಾತ್ರಿ ಕೂರಿಸಿದರೆ ಏನಾಗುತ್ತದೆಯೋ ಇಲ್ಲೂ ಅದೇ ಆಗುತ್ತದೆ. ಎರಡನೆಯ ರಾತ್ರಿ ಅವರು ನಿಮ್ಮ ಮನಸ್ಸು ನೋಯಬಾರದೆಂದು ನಗುತ್ತಾ ಕೂತಿರುತ್ತಾರೆ.

ಅದೇ ಊರಿನಲ್ಲಿ ಅವರ ಸಂಗೀತವೂ ಇದೆ. ಅದು ಇರುವುದು ಕುರ್ಚಿ ಹಾಕಿದ ಕೋಣೆಗಳಲ್ಲಿ. ಆದ್ದರಿಂದ ಒಂದು ರಾತ್ರಿ ಮಾತ್ರ ಸ್ಟೇಡಿಯಂ, ಉಳಿದ ಹೊತ್ತೆಲ್ಲ ಆ ಕೋಣೆಗಳು. ಬಯಲು ಕಛೇರಿಗಳ ಧ್ವನಿ ವ್ಯವಸ್ಥೆಯಲ್ಲಿ ಇಪ್ಪತ್ತು ವರ್ಷ ಕೆಲಸ ಮಾಡಿದವನಾಗಿ, ನನ್ನ ತಾಯಿಯವರನ್ನು ಇದೇ ಊರಿಗೆ ಕರೆದೊಯ್ದವನಾಗಿ ಈ ಮಾತು ಹೇಳುತ್ತಿದ್ದೇನೆ.

ಮೊದಲು ಹಬ್ಬದ ಸ್ವರೂಪ ತಿಳಿದಿರಲಿ. ಇದು 1972ರಲ್ಲಿ ಫ್ಯಾನ್ ಫೇರ್ ಎಂಬ ಹೆಸರಿನಲ್ಲಿ ನ್ಯಾಶ್‌ವಿಲ್‌ನ ಮುನಿಸಿಪಲ್ ಆಡಿಟೋರಿಯಮ್ಮಿನಲ್ಲಿ ಸುಮಾರು ಐದು ಸಾವಿರ ಜನರೊಂದಿಗೆ ಶುರುವಾಯಿತು. 1982ರಲ್ಲಿ ಜಾತ್ರೆ ಮೈದಾನಕ್ಕೆ ಹೋಯಿತು, 2001ರಲ್ಲಿ ನಗರದ ನಡುಭಾಗಕ್ಕೆ ಬಂತು. ಹೆಸರೇ ಹೇಳುವಂತೆ ಇದು ಅಭಿಮಾನಿಗಳ ಜಾತ್ರೆ. ಹಾಡುವವರು ಸಂಭಾವನೆ ಪಡೆಯುವುದಿಲ್ಲ. ಗಳಿಕೆಯ ಒಂದು ಪಾಲು ಶಾಲೆಗಳ ಸಂಗೀತ ಶಿಕ್ಷಣಕ್ಕೆ ಹೋಗುತ್ತದೆ. 1996ರಲ್ಲಿ ಕಂಟ್ರಿ ಗಾಯಕ ಗಾರ್ತ್ ಬ್ರೂಕ್ಸ್ ಇಲ್ಲಿ 23 ಗಂಟೆ ಒಂದೇ ಸಮನೆ ನಿಂತು ಹಸ್ತಾಕ್ಷರ ಹಾಕಿದ್ದು ಇನ್ನೂ ದಂತಕಥೆ. ಹಗಲು ಹೊತ್ತು ನದಿದಂಡೆಯಲ್ಲಿ, ಬೀದಿಗಳಲ್ಲಿ ಟಿಕೆಟ್ ಇಲ್ಲದ ವೇದಿಕೆಗಳಿರುತ್ತವೆ. ಹಸ್ತಾಕ್ಷರ, ಮಾತುಕತೆ ಎಲ್ಲ ಮ್ಯೂಸಿಕ್ ಸಿಟಿ ಸೆಂಟರ್ ಎಂಬ ಹವಾನಿಯಂತ್ರಿತ ಕಟ್ಟಡದೊಳಗೆ ನಡೆಯುತ್ತದೆ. ದೊಡ್ಡ ಹೆಸರುಗಳು ಹಾಡುವುದು ರಾತ್ರಿ, ನದಿಯಾಚೆಯ ಸ್ಟೇಡಿಯಮ್ಮಿನಲ್ಲಿ. ಬಯಲಿನ ವೇದಿಕೆಗಳಿಗೆ ನಿಮ್ಮ ತಂದೆಯವರನ್ನು ಬೆಳಿಗ್ಗೆ ಹತ್ತೂವರೆ ಹನ್ನೊಂದರ ಒಳಗೆ ಒಂದು ತಾಸು ಕರೆದೊಯ್ದರೆ ಸಾಕು. ಜೂನ್‌ನ ನ್ಯಾಶ್‌ವಿಲ್ ಮಧ್ಯಾಹ್ನ ಮೂವತ್ತೆರಡು ಡಿಗ್ರಿ ದಾಟುವುದುಂಟು. ಕೋಲಾರದ ಬಿಸಿಲು ಕಂಡವರಿಗೆ ಅದೇನು ಎನ್ನಬೇಡಿ. ಕೋಲಾರದ್ದು ಒಣ ಬಿಸಿಲು, ಇಲ್ಲಿನದು ಮಂಗಳೂರಿನ ಮೇ ತಿಂಗಳ ಬೆವರು.

ಈಗ ಕೋಣೆಗಳ ವಿಷಯ. ನಿಮ್ಮ ಇಡೀ ಪ್ರಯಾಣದಲ್ಲಿ ಒಂದೇ ಒಂದು ಕಡೆ ಹೋಗಲು ಸಾಧ್ಯ ಎಂದಾದರೆ ಆರ್‌ಸಿಎ ಸ್ಟುಡಿಯೊ ಬಿ ಎಂಬಲ್ಲಿಗೆ ಹೋಗಿ. 1957ರಲ್ಲಿ ಕಟ್ಟಿದ, ಹೊರಗಿನಿಂದ ನೋಡಿದರೆ ಗೋದಾಮಿನಂತಿರುವ ಕಟ್ಟಡ. ಕಂಟ್ರಿ ಮ್ಯೂಸಿಕ್ ಹಾಲ್ ಆಫ್ ಫೇಮ್ ವಸ್ತುಸಂಗ್ರಹಾಲಯದವರು ಅಲ್ಲಿಂದ ಬಸ್ಸಿನಲ್ಲಿ ಕರೆದೊಯ್ದು ತೋರಿಸುತ್ತಾರೆ. ಟೆಲಿಫೋನಿನ ಆ ತುದಿಯಲ್ಲಿರುವ ಪ್ರೇಯಸಿಯೊಂದಿಗೆ ಮೆಲುದನಿಯಲ್ಲಿ ಮಾತನಾಡುವ ರೀವ್ಸ್ ಹಾಡು ನಿಮ್ಮ ಅಪ್ಪನಿಗೆ ಬಾಯಿಪಾಠ ಇರಲೇಬೇಕು. ಅದು ದಾಖಲಾದದ್ದು 1959ರ ಅಕ್ಟೋಬರ್‌ನಲ್ಲಿ, ಈ ಕೋಣೆಯಲ್ಲಿ. ಎಲ್ವಿಸ್ ಪ್ರೀಸ್ಲಿ ಹಾಡಿದ್ದೂ ಇಲ್ಲೇ. ಧ್ವನಿ ಅತ್ಯಂತ ಚೆನ್ನಾಗಿ ಹಿಡಿಯುವ ಜಾಗಕ್ಕೆ ನೆಲದ ಮೇಲೆ ಗುರುತು ಹಾಕಿದ್ದಾರೆ. ಮಾರ್ಗದರ್ಶಕರು ಅಲ್ಲಿ ದಾಖಲಾದ ಹಾಡುಗಳನ್ನು ಅಲ್ಲೇ ಕೇಳಿಸುತ್ತಾರೆ. ಶುರುವಿಗೇ ಅವರ ಬಳಿ ಹೋಗಿ, ನಮ್ಮ ತಂದೆ ಭಾರತದ ಒಂದು ಗಣಿ ಊರಿನಲ್ಲಿ ಜಿಮ್ ರೀವ್ಸ್ ಕೇಳುತ್ತಾ ಬೆಳೆದವರು ಎಂದು ಹೇಳಿಡಿ. ಕೋಣೆ ಕಿರಿದು, ಗುಂಪು ಚಿಕ್ಕದು, ಮಾತಿಗೆ ಬೆಲೆ ಇರುತ್ತದೆ. ಆ ಹಾಡು ಕೇಳುವಾಗ ನಿಮ್ಮ ಅಪ್ಪ ಯಾವ ವರ್ಷಕ್ಕೆ, ಯಾರ ಪಕ್ಕಕ್ಕೆ ಹೋಗಿಬಿಡುತ್ತಾರೋ. ದಯವಿಟ್ಟು ಆಗ ಮೊಬೈಲ್ ಎತ್ತಿ ಅವರ ಮುಖದ ವಿಡಿಯೊ ಮಾಡಬೇಡಿ.

ಎರಡನೆಯದು ಗ್ರ್ಯಾಂಡ್ ಓಲ್ ಓಪ್ರಿ. ಹಬ್ಬದ ವಾರದಲ್ಲೂ ಪ್ರದರ್ಶನಗಳಿರುತ್ತವೆ, ಆದರೆ ಟಿಕೆಟ್ ಬೇಗ ಮುಗಿಯುತ್ತದೆ. ಇದು 1925ರ ನವೆಂಬರ್ 28ರಂದು ಡಬ್ಲ್ಯುಎಸ್ಎಂ ಎಂಬ ರೇಡಿಯೊ ಕೇಂದ್ರದ ಕಾರ್ಯಕ್ರಮವಾಗಿ ಶುರುವಾಯಿತು. ಕೇಂದ್ರದ ಒಡೆತನ ಆಗ ಒಂದು ವಿಮಾ ಕಂಪನಿಯದಾಗಿತ್ತು. ಲಕ್ಷಾಂತರ ಜನರನ್ನು ರಕ್ಷಿಸುತ್ತೇವೆ ಎಂಬ ಅವರ ಘೋಷವಾಕ್ಯದ ಮೊದಲಕ್ಷರಗಳೇ ಕೇಂದ್ರದ ಹೆಸರಾದವು. ಎಲ್‌ಐಸಿಯವರು ಆಕಾಶವಾಣಿ ಕೇಂದ್ರ ನಡೆಸಿ, ಅದರಿಂದ ನಾಡಿನ ಜಾನಪದ ಬೆಳೆದ ಹಾಗೆ ಎಂದುಕೊಳ್ಳಿ. ಜಿಮ್ ರೀವ್ಸ್ 1955ರಿಂದ ಇದರ ಸದಸ್ಯ. ಈಗಲೂ ಇದು ನೇರ ಪ್ರಸಾರ. ಎರಡು ಗಂಟೆಯಲ್ಲಿ ಏಳೆಂಟು ಕಲಾವಿದರು ಬಂದು ಎರಡು ಮೂರು ಹಾಡು ಹಾಡಿ ಹೋಗುತ್ತಾರೆ. ಒಬ್ಬರು ಹಿಡಿಸದಿದ್ದರೆ ಹತ್ತು ನಿಮಿಷದಲ್ಲಿ ಇನ್ನೊಬ್ಬರು. ವೇದಿಕೆಯ ಪಕ್ಕದಲ್ಲಿ ನಿರೂಪಕರು ನಿಂತು, ಜನರೆದುರೇ ಜಾಹೀರಾತನ್ನು ಗಟ್ಟಿಯಾಗಿ ಓದುತ್ತಾರೆ. ರೇಡಿಯೊ ಎದುರು ಕೂತು ಬಿನಾಕಾ ಗೀತಮಾಲಾ ಕೇಳಿದ ತಲೆಮಾರಿಗೆ ಇದಕ್ಕಿಂತ ಸೊಗಸು ಬೇರೆ ಇಲ್ಲ. 1943ರಿಂದ 1974ರವರೆಗೆ ಓಪ್ರಿ ನಡೆದದ್ದು ರೈಮನ್ ಸಭಾಂಗಣದಲ್ಲಿ. 1892ರಲ್ಲಿ ಪ್ರಾರ್ಥನೆಗೆಂದು ಕಟ್ಟಿದ ಅದರಲ್ಲಿ ಇಂದಿಗೂ ಚರ್ಚಿನ ಉದ್ದ ಬೆಂಚುಗಳೇ. ಹೊಸ ಕಟ್ಟಡಕ್ಕೆ ಹೋಗುವಾಗ ಹಳೆಯ ವೇದಿಕೆಯ ಮರವನ್ನು ಆರಡಿ ಅಗಲದ ವೃತ್ತವಾಗಿ ಕೊಯ್ದು ಹೊಸ ವೇದಿಕೆಯ ನಡುವೆ ಕೂರಿಸಿದರು. ಹಾಡುವವರು ಅದರ ಮೇಲೆ ನಿಲ್ಲುವ ಮೊದಲು ಒಂದು ಕ್ಷಣ ಕಾಲು ನೋಡಿಕೊಳ್ಳುವುದನ್ನು ಗಮನಿಸಿ, ನಮ್ಮವರು ಹೊಸ್ತಿಲು ದಾಟುವಾಗ ನೋಡಿಕೊಳ್ಳುವ ಹಾಗೆ.

ನನ್ನ ತಾಯಿಗೆ ಇಂಗ್ಲಿಷ್ ಬಾರದು. ತಿಪಟೂರಿನಲ್ಲಿ ಮೂವತ್ತು ವರ್ಷ ಮನೆಯಲ್ಲೇ ಬಟ್ಟೆ ಹೊಲಿದು ನಮ್ಮನ್ನು ಓದಿಸಿದವರು. ಓಪ್ರಿಯಲ್ಲಿ ಅರ್ಧ ಗಂಟೆ ಸುಮ್ಮನಿದ್ದು, ಆಮೇಲೆ ನನ್ನ ಮೊಣಕೈ ತಿವಿದು, "ಅಲ್ಲಿ ಮೂಲೆಯಲ್ಲಿ ಕೂತವನು ಮಿಷನ್ ತುಳಿಯುತ್ತಿದ್ದಾನಲ್ಲ!" ಎಂದರು. ನೋಡಿದರೆ ಪೆಡಲ್ ಸ್ಟೀಲ್ ಗಿಟಾರ್ ನುಡಿಸುವವನು. ಮೇಜಿನಂಥ ವಾದ್ಯ, ಹತ್ತು ತಂತಿ. ಎಡಗೈಯಲ್ಲಿ ಉಕ್ಕಿನ ತುಂಡು ಜಾರಿಸುತ್ತಾ, ಕಾಲಿನಿಂದ ಪೆಡಲ್ ಒತ್ತುತ್ತಾ, ಮೊಣಕಾಲನ್ನು ಎಡಕ್ಕೂ ಬಲಕ್ಕೂ ತಳ್ಳಿ ಲಿವರುಗಳನ್ನು ತಿರುಗಿಸುತ್ತಿದ್ದ. ಅಷ್ಟು ವರ್ಷ ಆ ವಾದ್ಯದ ಮುಂದೆ ಮೈಕ್ ಇಟ್ಟವನು ನಾನು. ಅವನ ಮೊಣಕಾಲನ್ನು ಒಂದು ದಿನವೂ ನೋಡಿರಲಿಲ್ಲ. ಅಮ್ಮ ಉಳಿದ ಹೊತ್ತೆಲ್ಲ ಅವನ ಕಾಲನ್ನೇ ನೋಡಿದರು.

ನಿಮ್ಮ ತಂದೆ ಫಿಟ್ಟರ್. ಅವರಿಗೂ ಆ ವಾದ್ಯ ತೋರಿಸಿ, ರಾಡು, ಸ್ಪ್ರಿಂಗು, ಲಿವರುಗಳನ್ನು ಕಂಡರೆ ಬಿಡುವುದಿಲ್ಲ. ಅದರ ಹಿಂದಿನ ಕಥೆಯನ್ನೂ ಹೇಳಿ. ತಂತಿಯ ಮೇಲೆ ಉಕ್ಕು ಜಾರಿಸುವ ಗಿಟಾರ್ ಹುಟ್ಟಿದ್ದು ಹವಾಯಿ ದ್ವೀಪಗಳಲ್ಲಿ, ಹತ್ತೊಂಬತ್ತನೆಯ ಶತಮಾನದ ಕೊನೆಗೆ. ಅಲ್ಲಿಂದ ಅಮೆರಿಕಕ್ಕೆ ಬಂದು ಕಂಟ್ರಿ ಸಂಗೀತದ ಅಳುದನಿಯಾಯಿತು. ಇನ್ನೊಂದು ಕವಲು ಭಾರತಕ್ಕೆ ಬಂತು. ಹವಾಯಿಯ ಟೌ ಮೋ 1940ರ ದಶಕದಲ್ಲಿ ಕಲ್ಕತ್ತೆಯಲ್ಲಿ ನೆಲೆಸಿ ಈ ವಾದ್ಯವನ್ನು ಜನಪ್ರಿಯಗೊಳಿಸಿದರು. ಹಳೆಯ ಹಿಂದಿ ಚಿತ್ರಗೀತೆಗಳಲ್ಲಿ ಎಳೆದೆಳೆದು ಬರುವ ಆ ಗಿಟಾರ್ ದನಿ ಇದೇ. ಬ್ರಿಜ್ ಭೂಷಣ್ ಕಾಬ್ರಾ ಅದರಲ್ಲಿ ರಾಗ ನುಡಿಸಿದರು. ವಿಶ್ವಮೋಹನ ಭಟ್ಟರು ಅದಕ್ಕೆ ಇನ್ನಷ್ಟು ತಂತಿ ಸೇರಿಸಿ ಮೋಹನ ವೀಣೆ ಮಾಡಿ, 1994ರಲ್ಲಿ ಗ್ರ್ಯಾಮಿ ಪಡೆದರು. ನಮ್ಮ ಗೋಟುವಾದ್ಯವೂ ಮೆಟ್ಟಿಲಿಲ್ಲದೆ ಜಾರಿಸಿ ನುಡಿಸುವ ವೀಣೆಯೇ ತಾನೆ. ಅಳಿಯನನ್ನು ಕೂರಿಸಿಕೊಂಡು ಇದನ್ನೆಲ್ಲ ವಿವರಿಸಲು ಅಪ್ಪನಿಗೆ ಒಂದು ವಿಷಯ ಸಿಕ್ಕಿದಂತಾಗುತ್ತದೆ.

ಮೂರನೆಯದಾಗಿ ಸ್ಟೇಷನ್ ಇನ್. 1974ರಲ್ಲಿ ಶುರುವಾದ, ಕಂಟ್ರಿಯ ಕವಲಾದ ಬ್ಲೂಗ್ರಾಸ್ ಸಂಗೀತದ ಪುಟ್ಟ ಜಾಗ. ಮೊದಲು ಬಂದವರಿಗೆ ಕುರ್ಚಿ, ಆದ್ದರಿಂದ ಬಾಗಿಲು ತೆರೆಯುವ ಹೊತ್ತಿಗೇ ಹೋಗಿ. ಬ್ರಾಡ್‌ವೇ ಬೀದಿಯ ಬಾರುಗಳಲ್ಲಿ ಹಳೆಯ ಶೈಲಿಗೆ ನಿಷ್ಠವಾಗಿರುವುದು ರಾಬರ್ಟ್ಸ್ ವೆಸ್ಟರ್ನ್ ವರ್ಲ್ಡ್. ಮಧ್ಯಾಹ್ನ ಹೋದರೆ ಕೂರಲು ಜಾಗ ಸಿಗುತ್ತದೆ. ರಾತ್ರಿ ಆ ಬೀದಿಯಲ್ಲಿ ನಿಮಗೇ ನಡೆಯಲು ಕಷ್ಟ.

ಇನ್ನು ಆ ಒಂದು ಸ್ಟೇಡಿಯಂ ರಾತ್ರಿ. ಅದು ಬೇಡವೇ ಬೇಡ ಎನ್ನುವುದಿಲ್ಲ. ಅರವತ್ತು ಸಾವಿರಕ್ಕೂ ಹೆಚ್ಚು ಜನ ಹಿಡಿಸುವ ಜಾಗದಲ್ಲಿ ಎಲ್ಲರೂ ಒಂದೇ ಪಲ್ಲವಿ ಹಾಡುವುದನ್ನು ಒಮ್ಮೆ ಕಾಣಬೇಕು. ಆದರೆ ಕಿವಿಯ ವಿಷಯದಲ್ಲಿ ನಾನು ಕಟ್ಟುನಿಟ್ಟು. ಅಮೆರಿಕದ ಔದ್ಯೋಗಿಕ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ 85 ಡೆಸಿಬೆಲ್ ಸದ್ದನ್ನು ದಿನಕ್ಕೆ 8 ಗಂಟೆ ಕೇಳಬಹುದು. ಅಲ್ಲಿಂದ ಪ್ರತಿ 3 ಡೆಸಿಬೆಲ್ ಏರಿದಾಗಲೂ ಅವಧಿ ಅರ್ಧವಾಗುತ್ತದೆ. 100 ಡೆಸಿಬೆಲ್‌ಗೆ ಹೋದರೆ ಕಾಲು ಗಂಟೆ ಮಾತ್ರ. ಸ್ಟೇಡಿಯಂ ಕಛೇರಿಗಳು ಆ ಮಟ್ಟ ಮುಟ್ಟುವುದು ಸಾಮಾನ್ಯ, ನಡೆಯುವುದು ಮೂರ್ನಾಲ್ಕು ಗಂಟೆ. ವರ್ಕ್‌ಶಾಪಿನ ಸುತ್ತಿಗೆ ಸದ್ದಿನಲ್ಲಿ ವರ್ಷಗಟ್ಟಲೆ ದುಡಿದ ಕಿವಿಗೆ ಉಳಿದಿರುವುದನ್ನು ಕಾಪಾಡಿಕೊಳ್ಳಬೇಕು. ಸ್ಟೇಡಿಯಮ್ಮಿನಲ್ಲಿ ಶ್ರವಣ ಸಾಧನ ತೆಗೆದು ಡಬ್ಬಿಯಲ್ಲಿಡಿ, ಎರಡೂ ಕಿವಿಗೆ ಸಂಗೀತಕ್ಕೆಂದೇ ಮಾಡಿದ ಫಿಲ್ಟರ್ ಇರುವ ಇಯರ್‌ಪ್ಲಗ್ ಹಾಕಿ. ಅವು ಸದ್ದನ್ನು ಕಡಿಮೆ ಮಾಡುತ್ತವೆ, ಹಾಡನ್ನು ಮಂಕು ಮಾಡುವುದಿಲ್ಲ. ಮನೆಯಲ್ಲೇ ಎರಡು ದಿನ ಹಾಕಿ ಅಭ್ಯಾಸ ಮಾಡಿಸಿ, ಇಲ್ಲವಾದರೆ ಅಲ್ಲಿ ಕಿತ್ತು ಜೇಬಿಗೆ ಹಾಕಿಕೊಳ್ಳುತ್ತಾರೆ. ಓಪ್ರಿಗೆ, ಸ್ಟುಡಿಯೊಗೆ ಸಾಧನ ಬೇಕು. ಹೊರಡುವ ಮುನ್ನ ಶ್ರವಣ ತಜ್ಞರ ಬಳಿ ಸಂಗೀತಕ್ಕೆ ಬೇರೆಯೇ ಪ್ರೋಗ್ರಾಂ ಹಾಕಿಸಿಕೊಳ್ಳಲು ಹೇಳಿ. ಮಾತಿಗೆಂದು ಹೊಂದಿಸಿದ ಸಾಧನ ಪಿಟೀಲಿನ ದನಿಯನ್ನು ಗದ್ದಲವೆಂದು ತಿಳಿದು ಅದುಮಿಬಿಡುತ್ತದೆ.

ಆಸನ ಆರಿಸುವಾಗ ವೇದಿಕೆಗೆ ಹತ್ತಿರ ಎಂಬ ಆಸೆಗೆ ಬೀಳಬೇಡಿ. ನೆಲದ ಮೇಲಿನ ಮುಂದಿನ ಸಾಲುಗಳಲ್ಲಿ ಎದ್ದು ನಿಂತವರ ಬೆನ್ನು ಮಾತ್ರ ಕಾಣುತ್ತದೆ, ಎದೆಗೆ ಗುದ್ದುವ ಬಾಸ್ ಸ್ಪೀಕರುಗಳೂ ಅಲ್ಲೇ ಇರುತ್ತವೆ. ಮೈದಾನದ ಸುತ್ತಲ ಕೆಳ ಅಂತಸ್ತಿನಲ್ಲಿ, ಓಡಾಡುವ ದಾರಿಗೆ ಅಂಟಿಕೊಂಡ ಆಸನ ಒಳ್ಳೆಯದು. ಮೊಣಕಾಲು ನೋವಿನವರಿಗೆ ಮೆಟ್ಟಿಲಿಲ್ಲದೆ ತಲುಪುವ ಆಸನಗಳನ್ನು ಇಲ್ಲಿನ ಕಾನೂನು ಕಡ್ಡಾಯ ಮಾಡಿದೆ. ಗಾಲಿಕುರ್ಚಿಯಲ್ಲೇ ಇರಬೇಕೆಂದಿಲ್ಲ. ಟಿಕೆಟ್ ಕೊಳ್ಳುವಾಗಲೇ ಅದನ್ನು ಆರಿಸಿ, ಪಕ್ಕದ ಆಸನ ನಿಮಗೆ. ಊರಿನಿಂದ ಸ್ಟೇಡಿಯಮ್ಮಿಗೆ ಎಲ್ಲರೂ ಕಂಬರ್‌ಲ್ಯಾಂಡ್ ನದಿಯ ಪಾದಚಾರಿ ಸೇತುವೆ ದಾಟಿ ಹೋಗುತ್ತಾರೆ. ನೋಟ ಚೆನ್ನಾಗಿದೆ, ಆದರೆ ಸುಮಾರು ಒಂದು ಕಿಲೋಮೀಟರ್ ಉದ್ದ. ಹೋಗುವಾಗ ಸಂಜೆಯ ತಂಪಿನಲ್ಲಿ ನಿಧಾನ ನಡೆಯಲಿ, ಬರುವಾಗ ಬೇಡ. ಕೊನೆಯ ಕಲಾವಿದರ ಎರಡನೇ ಹಾಡಿಗೇ ಎದ್ದು ಹೊರಟರೆ ಟ್ಯಾಕ್ಸಿ ಸಿಗುತ್ತದೆ. ಚೀಲದ ವಿಷಯ: ಒಳಗೆ ಬಿಡುವುದು ಪಾರದರ್ಶಕ ಚೀಲವನ್ನು ಮಾತ್ರ. ಇನ್ಸುಲಿನ್ ಮುಂತಾದವನ್ನು ವೈದ್ಯರ ಚೀಟಿ ಸಮೇತ ಪ್ರತ್ಯೇಕ ಹಿಡಿದು, ತಪಾಸಣೆಯವರಿಗೆ ಮೊದಲೇ ಹೇಳಿ.

ಜೂನ್ ಸಂಜೆ ಗುಡುಗು ಮಳೆ ಇಲ್ಲಿ ಮಾಮೂಲು. ಮಿಂಚು ಕಂಡರೆ ಕಾರ್ಯಕ್ರಮ ನಿಲ್ಲಿಸಿ ಎಲ್ಲರನ್ನೂ ಒಳ ಹಜಾರಕ್ಕೆ ಕಳಿಸುತ್ತಾರೆ. ಬೇರೊಂದು ಊರಿನ ಬಯಲು ಕಛೇರಿಯಲ್ಲಿ ಅಮ್ಮ ಮತ್ತು ನಾನು ಹೀಗೆ ಎರಡು ಗಂಟೆ ಸಿಮೆಂಟ್ ಗೋಡೆಗೆ ಒರಗಿ ನಿಂತಿದ್ದೆವು. ಅವರ ಕಾಲು ಊದಿ ಚಪ್ಪಲಿ ಹಿಡಿಸದಾಯಿತು. ಮಳೆ ನಿಲ್ಲುವುದನ್ನು ಕಾದದ್ದು ನನ್ನ ಹಟ, ಅವರದಲ್ಲ. ನೀವು ಅರ್ಧ ಗಂಟೆ ಕಾದು, ನಿಲ್ಲದಿದ್ದರೆ ಹೋಟೆಲಿಗೆ ಹೊರಡಿ. ಟಿಕೆಟ್ ದುಡ್ಡು ಹೋಯಿತೆಂದು ಅಪ್ಪ ಗೊಣಗುತ್ತಾರೆ, ಅದು ಸಹಜ.

ಸಕ್ಕರೆಯ ಬಗ್ಗೆ ಅವರ ವೈದ್ಯರು ಹೇಳಿದ್ದೇ ಅಂತಿಮ. ನನ್ನ ಅನುಭವದ ಎರಡು ಮಾತು ಸೇರಿಸಬಹುದು. ಬಿಸಿಲಲ್ಲಿ ನಿಲ್ಲಿಸಿದ ಕಾರಿನಲ್ಲಿ ಇನ್ಸುಲಿನ್ ಬಿಡಬೇಡಿ, ಕೆಡುತ್ತದೆ. ಹಬ್ಬದ ಊಟದ ಸಾಲು ಎಷ್ಟು ಹೊತ್ತೆಂದು ಲೆಕ್ಕವಿರದು, ಆದ್ದರಿಂದ ಚುಚ್ಚಿಕೊಂಡ ಮೇಲೆ ಸಾಲಿನಲ್ಲಿ ನಿಲ್ಲುವುದಲ್ಲ, ತಟ್ಟೆ ಕೈಗೆ ಬಂದ ಮೇಲೆ ಚುಚ್ಚಿಕೊಳ್ಳುವುದು. ಜೇಬಿನಲ್ಲಿ ಗ್ಲೂಕೋಸ್ ಬಿಲ್ಲೆ ಇರಲಿ. ಬರುವ ಮೊದಲು ಪ್ರವಾಸಿ ವಿಮೆ ಮಾಡಿಸಿ. ಮೊದಲೇ ಇದ್ದ ಕಾಯಿಲೆ ದಿಢೀರ್ ಉಲ್ಬಣಿಸಿದರೆ ಎಷ್ಟು ಕೊಡುತ್ತಾರೆ ಎಂಬ ಕಲಮನ್ನು ಕನ್ನಡಕ ಹಾಕಿಕೊಂಡು ಓದಿ.

ನ್ಯಾಶ್‌ವಿಲ್ ಗಡಿಯಾರ ಜೂನ್‌ನಲ್ಲಿ ನಮ್ಮೂರಿಗಿಂತ ಹತ್ತೂವರೆ ಗಂಟೆ ಹಿಂದೆ. ಅವರು ಬಂದು ಎರಡು ವಾರವಾದರೂ ಆಗಿರಲಿ, ನಿದ್ದೆ ಒಂದು ಹದಕ್ಕೆ ಬಂದಿರುತ್ತದೆ. ಅಟ್ಲಾಂಟಾದಿಂದ ಕಾರಿನಲ್ಲಿ ನಾಲ್ಕು ಗಂಟೆ ದಾರಿ, ಮಧ್ಯೆ ಚಟ್ಟನೂಗಾದಲ್ಲಿ ಕಾಲು ಚಾಚಲು ಇಳಿಯಿರಿ. ಅದರಾಚೆ ಗಡಿಯಾರ ಒಂದು ಗಂಟೆ ಹಿಂದಕ್ಕೆ ಹೋಗುತ್ತದೆ, ಔಷಧಿಯ ಹೊತ್ತನ್ನು ಮಾತ್ರ ನಿಮ್ಮ ಆಲ್ಫರೆಟ್ಟಾ ಮನೆಯ ಗಡಿಯಾರಕ್ಕೇ ಲೆಕ್ಕ ಹಾಕಿ. ಊಟಕ್ಕೆ ಅಲ್ಲಿನ ಹಾಟ್ ಚಿಕನ್ ತಿನ್ನಿಸಿ: ಮೆಣಸಿನಪುಡಿ ಬೆರೆಸಿದ ಎಣ್ಣೆ ಬಳಿದ ಕರಿದ ಕೋಳಿ, ಕೆಳಗೆ ಬಿಳಿ ಬ್ರೆಡ್ಡು, ಮೇಲೆ ಸೌತೆಕಾಯಿ ಉಪ್ಪಿನಕಾಯಿ. ಖಾರದ ಮಟ್ಟ ಕೇಳಿದಾಗ ಕೆಜಿಎಫ್‌ನವರು ಬೀಗುತ್ತಾರೆಂದು ಗೊತ್ತು, ಆದರೂ ಮಧ್ಯಮವೇ ಇರಲಿ.

ಹೇಳದೆ ಕೇಳದೆ ಕರೆದೊಯ್ಯುವ ಯೋಚನೆ ಕೈಬಿಡಿ. ಈಗಲೇ ಫೋನ್ ಮಾಡಿ ಹೇಳಿ. ಜೂನ್ ಬರುವವರೆಗಿನ ಕಾಯುವಿಕೆಯೇ ಅವರಿಗೆ ಅರ್ಧ ಹಬ್ಬ. ಹಳೆಯ ಗೆಳೆಯರಿಗೆ ಫೋನ್ ಹಚ್ಚುತ್ತಾರೆ, ಕ್ಯಾಸೆಟ್ ಡಬ್ಬಿ ಹುಡುಕುತ್ತಾರೆ, ಯಾವ ಹಾಡು ಯಾವ ವರ್ಷದ್ದೆಂದು ನಿಮಗೆ ಪಾಠ ಹೇಳುತ್ತಾರೆ. ಒಂಟಿ ಮನೆಯಲ್ಲಿ ಈಗ ಅವರಿಗೆ ಮಾಡಲು ಒಂದು ಕೆಲಸ ಬೇಕು.

ಬಿಯರ್ ಪ್ರಶ್ನೆಗೆ ಬರುತ್ತೇನೆ. ನೀವಿಬ್ಬರೂ ಮನೆಯಲ್ಲಿ ಅವರೆದುರು ಹೇಗಿರುತ್ತೀರೋ ಅಲ್ಲೂ ಹಾಗೇ ಇರಿ. ಮುಚ್ಚಿಟ್ಟು ಕುಡಿಯಲು ಸ್ಟೇಡಿಯಮ್ಮಿನಲ್ಲಿ ಮರೆಯೂ ಇರುವುದಿಲ್ಲ. ಹಿಂಜರಿಕೆ ಇದ್ದರೆ ಆ ಒಂದು ರಾತ್ರಿ ನಿಂಬೆ ಪಾನಕ ಹಿಡಿದುಕೊಳ್ಳಿ, ಕಾರು ಓಡಿಸುವವರಿಗಂತೂ ಅದೇ ಸರಿ. ಆದರೆ ಒಂದು ಎಚ್ಚರಿಕೆ: ಆಂಗ್ಲೋ ಇಂಡಿಯನ್ ಗೆಳೆಯರ ಜೊತೆ ಕ್ರಿಸ್‌ಮಸ್ ಕಳೆದ ಗಣಿ ಊರಿನ ಫಿಟ್ಟರ್ ಅವರು. ನಿಮ್ಮ ಗಂಡನ ಕೈಯ ಪಾನಕ ನೋಡಿ, "ಅಳಿಯಂದಿರೇ, ಇದೇನು?" ಎಂದು ಅವರೇ ಕೇಳಿದರೆ ಗಾಬರಿಯಾಗಬೇಡಿ.